ಕಾವಲುಗಾರನ ಹೆಸರಿಗೆ ಕಾವಲು ಯಾರು?



ಮಾಜಾಳಿಯ ಗಡಿ ದಾಟಿ, ಅನಮೋಡ ಘಾಟು ಇಳಿದು, ಚೋರ್ಲಾ ದಾರಿ ಹಿಡಿದು ನಮ್ಮ ಊರುಗಳಿಂದ ಎಷ್ಟೋ ಮಕ್ಕಳು ಗೋವೆಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ಕೆಲವರಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಗುತ್ತದೆ. ದಾಬೋಳಿಯ ಹಳೆಯ ನಿಲ್ದಾಣವಂತೂ ನಿಮಗೆಲ್ಲ ಗೊತ್ತೇ ಇದೆ. 2023ರ ಜನವರಿಯಲ್ಲಿ ಪೆಡ್ನೆ ತಾಲ್ಲೂಕಿನ ಮೋಪಾದಲ್ಲಿ ಇನ್ನೊಂದು ನಿಲ್ದಾಣವೂ ಕೆಲಸ ಆರಂಭಿಸಿತು. ಬಂದೂಕು ಹಿಡಿದು ಬಾಗಿಲು ಕಾಯುವ ಕೇಂದ್ರ ಪಡೆಯವರಲ್ಲದೆ, ಸಾಮಾನು ಕಾಯುವವರು, ವಾಹನ ನಿಲ್ಲಿಸುವ ಜಾಗ ಕಾಯುವವರು, ವಿಮಾನ ಕಂಪನಿಗಳ ಭದ್ರತಾ ಸಿಬ್ಬಂದಿ, ಹೀಗೆ ಗುತ್ತಿಗೆಯ ಮೇಲೆ ದುಡಿಯುವವರೂ ಅಲ್ಲಿರುತ್ತಾರೆ. ಅವರೆಲ್ಲ ಪ್ರಯಾಣಿಕರ ಜೀವವನ್ನೂ ಸೊತ್ತನ್ನೂ ಕಾಯುತ್ತಾರೆ. ಆದರೆ ಆ ಕಾವಲುಗಾರನ ಹೆಸರನ್ನೇ ಯಾರಾದರೂ ಕದ್ದರೆ? ಇಂದು ನಿಮ್ಮೊಡನೆ ಆಡಬೇಕೆಂದಿರುವ ನಾಲ್ಕು ಮಾತು ಇದನ್ನು ಕುರಿತು.

ಹೆಸರು ಕದಿಯುವುದೆಂದರೇನು ಎಂದು ನೀವು ಕೇಳಬಹುದು. ನನ್ನ ಅಕ್ಕನ ಮಗನ ಕಥೆ ಹೇಳುತ್ತೇನೆ. ಅವನು ಗೋವೆಯಲ್ಲಿ ಇಂಥದೇ ಗುತ್ತಿಗೆ ಕೆಲಸಕ್ಕೆ ಸೇರಿದ. ತಂಗಿಯ ಮದುವೆಗೆಂದು ಬ್ಯಾಂಕಿಗೆ ಸಾಲ ಕೇಳಲು ಹೋದಾಗ, 'ನಿನ್ನ ಹೆಸರಿನಲ್ಲಿ ಈಗಾಗಲೇ ಸಾಲ ಇದೆ, ಕಂತು ಕಟ್ಟಿಲ್ಲ' ಎಂದರು. ಅವನು ಜನ್ಮದಲ್ಲಿ ಸಾಲ ಮಾಡಿದವನಲ್ಲ. ಯಾರೋ ಅವನ ಕಾಗದಗಳ ಜೆರಾಕ್ಸ್ ಕೊಟ್ಟು, ಅವನ ಹೆಸರಿನಲ್ಲೇ ಸಿಮ್ ಪಡೆದು, ಕಂತಿನ ಮೇಲೆ ದುಬಾರಿ ಫೋನು ಕೊಂಡಿದ್ದರು. ಆ ಜೆರಾಕ್ಸ್‌ಗಳು ಎಲ್ಲಿಂದ ಹೋದವು? ಕೆಲಸಕ್ಕೆ ಸೇರುವಾಗ ಅವನು ಕೊಟ್ಟ ಕಟ್ಟಿನಿಂದಲೇ. ಕಚೇರಿಯ ಒಳಗಿನವನೊಬ್ಬ ಕಪಾಟಿನಿಂದ ತೆಗೆದು ಮಾರಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತೇವಲ್ಲ, ಇದು ಅದೇ.

ವಿಮಾನ ನಿಲ್ದಾಣದ ಕೆಲಸಗಾರನಿಗೆ ಈ ಅಪಾಯ ಏಕೆ ಹೆಚ್ಚು? ಒಳಗೆ ಹೋಗಲು ಅವನಿಗೆ ಪ್ರವೇಶದ ಪಾಸು ಬೇಕು. ಪಾಸಿನ ವ್ಯವಸ್ಥೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಕೈಯಲ್ಲಿದೆ. 1987ರಿಂದ ಅದು ಸ್ವತಂತ್ರ ಇಲಾಖೆ. ಪಾಸಿಗೆ ಮೊದಲು ಪೊಲೀಸರು ಅವನ ಪೂರ್ವಾಪರ ವಿಚಾರಿಸುತ್ತಾರೆ. ಇದು ಸರಿಯಾದದ್ದೇ, ಜನರ ಸುರಕ್ಷತೆಗೆ ಬೇಕಾದದ್ದೇ. ಆದರೆ ಇದಕ್ಕಾಗಿ ಅವನು ಆಧಾರ್, ಪಾನ್, ಶಾಲೆಯ ದಾಖಲೆ, ವಿಳಾಸದ ದಾಖಲೆ, ಬ್ಯಾಂಕಿನ ಪಾಸ್‌ಬುಕ್ಕು, ಭಾವಚಿತ್ರ ಎಲ್ಲವನ್ನೂ ಒಂದೇ ಕಟ್ಟಾಗಿ ಕೊಡಬೇಕಾಗುತ್ತದೆ. ಕಳ್ಳನಿಗೆ ಬೇಕಾದದ್ದೆಲ್ಲ ಒಂದೇ ಜಾಗದಲ್ಲಿ!

ನಮ್ಮ ಗಡಿನಾಡಿನವರಿಗೆ ಇನ್ನೊಂದು ತೊಡಕಿದೆ. ಕರ್ನಾಟಕದ ಶಾಲೆಯ ದಾಖಲೆಯಲ್ಲಿ ನಮ್ಮ ಹೆಸರಿನ ಜೊತೆಗೆ ಬರೀ ಇನಿಶಿಯಲ್ ಇರುತ್ತದೆ. ಗೋವೆಯ ಕಾಗದದಲ್ಲಿ ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಒಬ್ಬನೇ ಮನುಷ್ಯ, ಎರಡು ಕಾಗದಗಳಲ್ಲಿ ಇಬ್ಬರಂತೆ ಕಾಣುತ್ತಾನೆ. 'ಇದನ್ನು ಸರಿಮಾಡಿಸಿ ಕೊಡುತ್ತೇನೆ' ಎಂದು ಯಾರೋ ಏಜೆಂಟು ಬರುತ್ತಾನೆ. ಇನ್ನೊಂದು ಕಟ್ಟು ಜೆರಾಕ್ಸ್ ಅವನ ಚೀಲಕ್ಕೆ ಸೇರುತ್ತದೆ.

ಇದು ನಮ್ಮಲ್ಲಿ ಮಾತ್ರ ಎಂದು ತಿಳಿಯಬೇಡಿ. ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಒಂದಿದೆ. 2007ರ ಮೇ ತಿಂಗಳಲ್ಲಿ ಅದರ ಕೇಂದ್ರ ಕಚೇರಿಯಿಂದಲೇ ಒಂದು ಹಾರ್ಡ್ ಡಿಸ್ಕ್ ಕಾಣೆಯಾಯಿತು. ಅದರಲ್ಲಿ ಸುಮಾರು 1 ಲಕ್ಷ ಸಿಬ್ಬಂದಿಯ ಹೆಸರು, ಹುಟ್ಟಿದ ದಿನ, ಗುರುತಿನ ಸಂಖ್ಯೆ, ಸಂಬಳ ಮತ್ತು ಬ್ಯಾಂಕ್ ಖಾತೆಯ ವಿವರಗಳಿದ್ದವು. ದೇಶದ ಪ್ರಯಾಣಿಕರ ಪೆಟ್ಟಿಗೆಗಳನ್ನೆಲ್ಲ ತಪಾಸಣೆ ಮಾಡುವ ಸಂಸ್ಥೆಗೆ ತನ್ನದೇ ಒಂದು ಪೆಟ್ಟಿಗೆ ಕಾಯಲು ಆಗಲಿಲ್ಲ. ಆಗ ಆ ಸಿಬ್ಬಂದಿ ಸುಮ್ಮನೆ ಕೂರಲಿಲ್ಲ. ಅವರ ಕಾರ್ಮಿಕ ಸಂಘ ನ್ಯಾಯಾಲಯಕ್ಕೆ ಹೋಯಿತು.

ನಮ್ಮ ಹುಡುಗರು ಏನು ಮಾಡುತ್ತಾರೆ? ಒಬ್ಬೊಬ್ಬರೇ ಕೂತು ಹೆದರುತ್ತಾರೆ. ನನ್ನ ಸೋದರಳಿಯನೂ ಹಾಗೆಯೇ. 'ಮಾಮಾ, ಠಾಣೆ ಮೆಟ್ಟಿಲು ಹತ್ತಿದ್ರೆ ನನ್ನ ಪಾಸು ಹೋಗ್ತದೆ, ಪಾಸು ಹೋದ್ರೆ ಕೆಲ್ಸ ಹೋಗ್ತದೆ' ಎಂದ. ಎರಡು ತಿಂಗಳು ಯಾರಿಗೂ ಹೇಳದೆ, ತಾನು ಮಾಡದ ಸಾಲದ ಕಂತನ್ನು ತಾನೇ ಕಟ್ಟಿದ.

ಬಂಧುಗಳೇ, ಇವತ್ತಿನ ಮಾತಿನ ತಿರುಳು ಇಲ್ಲಿದೆ. ದೂರು ಕೊಟ್ಟವನು ಬೇರೆ, ಆರೋಪಿ ಬೇರೆ. ಕದ್ದ ಹೆಸರಿನ ಸಿಮ್ಮಿನಿಂದ ನಾಳೆ ಒಂದು ಮೋಸ ನಡೆದರೆ ಪೊಲೀಸರು ಮೊದಲು ಹುಡುಕಿ ಬರುವುದು ಆ ಹೆಸರಿನವನನ್ನೇ. ಆ ದಿನ ಅವನ ಕೈಯಲ್ಲಿ ಮೊದಲೇ ಕೊಟ್ಟ ದೂರಿನ ಸ್ವೀಕೃತಿ ಇದ್ದರೆ ಅದೇ ಅವನಿಗೆ ರಕ್ಷಣೆ. ಸುಮ್ಮನಿದ್ದರೆ ಪಾಸು ಉಳಿಯುತ್ತದೆ ಎಂಬುದು ಭ್ರಮೆ. ಸುಮ್ಮನಿದ್ದಷ್ಟು ದಿನವೂ ಪಾಸಿಗೆ ಅಪಾಯ ಹೆಚ್ಚುತ್ತಲೇ ಇರುತ್ತದೆ.

ಕಾನೂನು ನಮ್ಮ ಕಡೆಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸಿದವನಿಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ ಆಗಬಹುದು. 'ಇದು ಗೋವೆಯ ಕೇಸು, ಅಲ್ಲಿಗೇ ಹೋಗು' ಎಂದು ಕಾರವಾರದಲ್ಲೋ ಖಾನಾಪುರದಲ್ಲೋ ಹೇಳಿದರೆ ಎದೆಗುಂದಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಗಡಿಯ ಎರಡೂ ಬದಿಯಲ್ಲಿ ಬದುಕುವ ನಮಗೆ ಇದು ದೊಡ್ಡ ಅನುಕೂಲ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ಇನ್ನು, ಕಳ್ಳತನ ಆಗುವ ಮೊದಲೇ ಏನು ಮಾಡಬಹುದು? ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಬರೆಯಿರಿ: ಯಾರಿಗೆ ಕೊಟ್ಟದ್ದು, ಯಾವ ಕೆಲಸಕ್ಕೆ, ಯಾವ ತಾರೀಖು. ಅಕ್ಷರಗಳು ಅಚ್ಚಿನ ಮೇಲೆಯೇ ಹಾದುಹೋಗಲಿ. ಒಪ್ಪುವ ಕಡೆಗಳಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ. 2023ರಲ್ಲಿ ಮಂಗಳೂರು ಕಡೆಯಲ್ಲಿ, ಆಸ್ತಿ ನೋಂದಣಿಗೆ ಒತ್ತಿದ ಬೆರಳಚ್ಚನ್ನೇ ನಕಲು ಮಾಡಿ ಬ್ಯಾಂಕಿನಿಂದ ಹಣ ತೆಗೆದ ಪ್ರಕರಣಗಳು ವರದಿಯಾಗಿದ್ದವು. ಅದಕ್ಕಾಗಿ ಆಧಾರ್‌ನಲ್ಲಿರುವ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ; ಬೇಕಾದಾಗ ತೆರೆಯಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ 'ಸಂಚಾರ ಸಾಥಿ'ಯಲ್ಲಿ ನೋಡಬಹುದು. ನಿಮ್ಮದಲ್ಲದ ಸಿಮ್ ಇದ್ದರೆ ಅಲ್ಲಿಯೇ ತಿಳಿಸಿ. ಸಾಲದ ಲೆಕ್ಕ ಇಡುವ ಸಂಸ್ಥೆಗಳು, ಅಂದರೆ ನಾವು ಸಿಬಿಲ್ ಎನ್ನುತ್ತೇವಲ್ಲ ಅಂಥವು, ವರ್ಷಕ್ಕೊಮ್ಮೆ ಉಚಿತವಾಗಿ ನಿಮ್ಮ ವರದಿ ಕೊಡಲೇಬೇಕು. ಅದರಲ್ಲಿನ ತಪ್ಪನ್ನು ತಿಳಿಸಿದ 30 ದಿನದೊಳಗೆ ಪರಿಹರಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ.

ಇದನ್ನೆಲ್ಲ ಫೋನಿನಲ್ಲಿ ಮಾಡಲು ಬರದ ಹಿರಿಯರಿಗೆ ಮನೆಯ ಮಕ್ಕಳು ಮಾಡಿಕೊಡಲಿ. ಆದರೆ ಒಟಿಪಿಯನ್ನು ಹೊರಗಿನ ಯಾರಿಗೂ ಹೇಳಬೇಡಿ.

ಗುತ್ತಿಗೆದಾರರಿಗೂ ಒಂದು ಮಾತು. ನಿಮ್ಮ ಕಪಾಟಿನಲ್ಲಿರುವುದನ್ನು ರದ್ದಿ ಕಾಗದ ಎಂದುಕೊಳ್ಳಬೇಡಿ. ಅದು ಬಡವರ ಮನೆ ಮಕ್ಕಳ ಮಾನ. ಅದಕ್ಕೆ ಬೀಗ ಇರಲಿ, ಕೀಲಿ ಒಬ್ಬರ ಕೈಯಲ್ಲಿರಲಿ. ಕೆಲಸ ಬಿಟ್ಟುಹೋದವರ ಕಾಗದ, ಕಾನೂನಿಗೆ ಬೇಕಾದ ಅವಧಿ ಮುಗಿದ ಮೇಲೆ, ಹರಿದು ನಾಶವಾಗಲಿ.

ನನ್ನ ಸೋದರಳಿಯನ ಕಥೆ ಏನಾಯಿತು ಎಂದು ಕೇಳುತ್ತೀರಲ್ಲವೇ? ಕೊನೆಗೆ ಅವನ ಜೊತೆ ಕೆಲಸದ ಮೂವರು ಸೇರಿಕೊಂಡರು. ಅವರಲ್ಲೊಬ್ಬನ ಹೆಸರಿನಲ್ಲೂ ಇಂಥದೇ ಸಾಲ ಹೊರಬಿತ್ತು. ನಾಲ್ವರೂ ಒಟ್ಟಾಗಿ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟರು. ತಿಂಗಳುಗಳೇ ಹಿಡಿದವು, ಓಡಾಟವೂ ಸಾಕಷ್ಟಾಯಿತು; ಆದರೆ ಆ ಸಾಲ ಅವನ ಹೆಸರಿನಿಂದ ಹೋಯಿತು. ಕಟ್ಟಿದ ಎರಡು ಕಂತು ಮಾತ್ರ ಹಿಂದೆ ಬರಲಿಲ್ಲ. ತಂಗಿಯ ಮದುವೆ ಒಂದು ವರ್ಷ ಮುಂದೆ ಹೋಯಿತು. ಪಾಸು? ಅದು ಇವತ್ತಿಗೂ ಅವನ ಕೊರಳಲ್ಲಿದೆ.

ಈ ವಾರ ನಿಮ್ಮ ಮನೆಯ ಮಗನೋ ಮಗಳೋ ಗೋವೆಯಿಂದ ಫೋನು ಮಾಡಿದಾಗ, ಊಟ ಆಯಿತೇ ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: 'ನಿನ್ನ ಕಾಗದ ಯಾರ ಯಾರ ಹತ್ತಿರ ಇವೆ?'