ಲೇಸರ್ ಮಾಡಿಸಿದ್ರೆ ಕಿವಿ ಕೇಳುತ್ತಾ? ಆಪರೇಷನ್‌ಗೆ ಮುಂಚೆ ಇಷ್ಟು ಗೊತ್ತಿರಲಿ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ವಾಲ್ಯೂಮ್ ಒಂಚೂರು ಇಳಿಸ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಕಿವಿಗೆ ಲೇಸರ್ ಆಪರೇಷನ್ ಅಂದ್ರೆ ಕಿವುಡುತನ ಪೂರ್ತಿ ಹೋಗುತ್ತೆ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಲೇಸರ್ ಒಂದು ಉಪಕರಣ ಅಷ್ಟೇ. ತೊಂದರೆ ಕಿವಿಯ ಯಾವ ಭಾಗದಲ್ಲಿದೆ ಅನ್ನೋದೇ ಮುಖ್ಯ.

ಕಿವಿಯ ತಮಟೆಯ ಹಿಂದೆ ಮೂರು ಪುಟಾಣಿ ಮೂಳೆಗಳಿವೆ. ಕೊನೆಯದು ಸ್ಟೇಪಿಸ್. ಸುಮಾರು 3 ಮಿಲಿಮೀಟರ್ ಎತ್ತರದ ಇದು ದೇಹದ ಅತಿ ಚಿಕ್ಕ ಮೂಳೆ. ಇದು ಅಲುಗಾಡಿದ್ರೇನೇ ಶಬ್ದ ಒಳಕಿವಿಗೆ ದಾಟೋದು. ಕೆಲವರಲ್ಲಿ ಇದರ ಬುಡದ ಸುತ್ತ ಮೂಳೆ ಬೆಳೆದು, ಅದು ಅಲ್ಲೇ ಬಿಗಿದುಕೊಳ್ಳುತ್ತೆ. ಇದೇ ಓಟೋಸ್ಕ್ಲೆರೋಸಿಸ್. ವಯಸ್ಸಾದವರ ಕಾಯಿಲೆ ಅನ್ಕೋಬೇಡಿ. ಇಪ್ಪತ್ತು, ಮೂವತ್ತರ ವಯಸ್ಸಲ್ಲೇ ಶುರುವಾಗಬಹುದು. ಹೆಂಗಸರಲ್ಲಿ ಹೆಚ್ಚು.

ಲೇಸರ್‌ಗೆ ಕೆಲಸ ಇರೋದು ಇಲ್ಲೇ. ಆ ಮೂಳೆಯ ಬುಡದಲ್ಲಿ 1 ಮಿಲಿಮೀಟರ್‌ಗಿಂತ ಚಿಕ್ಕ ರಂಧ್ರ ಮಾಡಿ, ಪುಟ್ಟ ಪಿಸ್ಟನ್ ಕೂರಿಸ್ತಾರೆ. ಮೂಳೆಯನ್ನ ಮುಟ್ಟದೇ ರಂಧ್ರ ಮಾಡಬಹುದು ಅನ್ನೋದು ಲೇಸರ್‌ನ ಅನುಕೂಲ. ಆದ್ರೆ ಡ್ರಿಲ್‌ನಿಂದಲೂ ಇದೇ ಆಪರೇಷನ್ ಚೆನ್ನಾಗಿ ಆಗುತ್ತೆ. ವೈದ್ಯರ ಕೈ ಪಳಗಿರಬೇಕು, ಅದೇ ದೊಡ್ಡದು.

ಈಗ ವಾಲ್ಯೂಮ್ ವಿಷಯ. ಜೋರು ಶಬ್ದದಿಂದ ಒಳಕಿವಿಯ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ. ಯಾವ ಲೇಸರ್ ಕೂಡ ಅವನ್ನ ವಾಪಸ್ ತರಲ್ಲ. ಇನ್ನು, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದ್ರೆ ಜಾಹೀರಾತು ಹುಡುಕ್ತಾ ಕೂರಬೇಡಿ. ಅದು ತುರ್ತು ಸ್ಥಿತಿ, ಅವತ್ತೇ ಇಎನ್‌ಟಿ ವೈದ್ಯರ ಹತ್ರ ಹೋಗಿ.

ಆಪರೇಷನ್‌ನಲ್ಲಿ ಅಪಾಯವೂ ಇದೆ. ಕೆಲವು ದಿನ ತಲೆಸುತ್ತು, ನಾಲಿಗೆ ರುಚಿಯಲ್ಲಿ ವ್ಯತ್ಯಾಸ ಆಗಬಹುದು. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿಯ ಶ್ರವಣ ಪೂರ್ತಿ ಹೋಗೋ ಸಾಧ್ಯತೆಯೂ ಇದೆ. ಅದಕ್ಕೇ ಮೊದಲು ಹೆಚ್ಚು ಕೆಟ್ಟಿರೋ ಕಿವಿಗೆ ಮಾಡ್ತಾರೆ.

ಸಹಿ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿ. ಆಡಿಯೋಗ್ರಾಂ ಪ್ರಕಾರ ನನ್ನ ತೊಂದರೆ ಮೂಳೆಯದಾ, ನರದ್ದಾ? ಹಿಯರಿಂಗ್ ಏಡ್ ಹಾಕಿದ್ರೆ ಸಾಕಾಗುತ್ತಾ? ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಫಲಿತಾಂಶ ಹೇಗಿದೆ?

ಮಾಡಿಸಿದ ಮೇಲೆ ವೈದ್ಯರು ಹೇಳೋವರೆಗೂ ಮೂಗು ಜೋರಾಗಿ ಸೀನಬೇಡಿ, ಭಾರ ಎತ್ತಬೇಡಿ, ವಿಮಾನ ಹತ್ತಬೇಡಿ. ಫಲ ಗೊತ್ತಾಗೋಕೆ ಕೆಲವು ವಾರ ಬೇಕು.

ಮನೆಯಲ್ಲಿ 'ಏನಂದೆ?' ಅಂತ ಪದೇ ಪದೇ ಕೇಳೋರು ಇದ್ರೆ ರೇಗಬೇಡಿ. ಒಂದು ಶ್ರವಣ ಪರೀಕ್ಷೆಗೆ ಕರ್ಕೊಂಡು ಹೋಗಿ. ಮತ್ತೆ ಸಿಗೋಣ.