ಶಾಲಾ ಹಂತಗಳಲ್ಲಿ ವೃತ್ತಿ ಮಾರ್ಗದರ್ಶನ: ಗ್ರಾಮ ಪಂಚಾಯತಿ ಸದಸ್ಯರು ಗಮನಿಸಬೇಕಾದ ಸಂಗತಿಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನಿವೃತ್ತ ಪ್ರೌಢಶಾಲಾ ಮುಖ್ಯೋಪಾಧ್ಯಾಯರೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಊರುಗಳಲ್ಲಿ ಒಂದು ಸಂಪ್ರದಾಯವಿದೆ. ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರವುಳ್ಳ ಫ್ಲೆಕ್ಸ್ ಬಸ್ ನಿಲ್ದಾಣದಲ್ಲಿ ಏರುತ್ತದೆ. ಶಾಲು, ಹಾರ, ಫಲತಾಂಬೂಲದೊಡನೆ ಸನ್ಮಾನ ನಡೆಯುತ್ತದೆ. ಅತಿಥಿಗಳೊಬ್ಬರು ಮುಂದೇನು ಓದಬೇಕೆಂದು ಅರ್ಧ ಗಂಟೆ ಮಾತನಾಡುತ್ತಾರೆ. ಅಂತಹ ಅತಿಥಿಯಾಗಿ ನಾನೂ ಹಲವು ಬಾರಿ ಶಾಲು ಹೊದ್ದಿದ್ದೇನೆ. ಆದರೆ ಆ ಭಾಷಣ ನಡೆಯುವ ಹೊತ್ತಿಗೆ ಊರಿನ ಅನೇಕ ಮಕ್ಕಳ ಪಾಲಿಗೆ ಹಲವು ದಾರಿಗಳು ಮುಚ್ಚಿಹೋಗಿರುತ್ತವೆ. ಅವು ಮುಚ್ಚಿದ್ದು ಬುದ್ಧಿಯ ಕೊರತೆಯಿಂದಲ್ಲ. ಯಾವುದೋ ಅರ್ಜಿಯ ಕೊನೆಯ ದಿನಾಂಕ ಮನೆಗೆ ತಿಳಿಯಲಿಲ್ಲ, ಯಾವುದೋ ದಾಖಲೆ ಸಕಾಲಕ್ಕೆ ಸಿದ್ಧವಾಗಲಿಲ್ಲ, ಇಲ್ಲವೇ ಕಾಲೇಜಿಗೆ ಹೋಗುವ ಬಸ್ಸಿರಲಿಲ್ಲ. ಈ ಮೂರೂ ಶಾಲೆಯ ಗೋಡೆಯ ಹೊರಗಿನ ಸಂಗತಿಗಳು. ಆದುದರಿಂದಲೇ ಈ ವಿಷಯವನ್ನು ಶಿಕ್ಷಕರ ಮುಂದಲ್ಲದೆ ತಮ್ಮ ಮುಂದೆ ಇಡಬಯಸಿದ್ದೇನೆ.

ಮೊದಲನೆಯ ಬಾಗಿಲು ಐದನೆಯ ತರಗತಿಯಲ್ಲಿ ತೆರೆಯುತ್ತದೆ. ಆರನೆಯ ತರಗತಿಯ ಪ್ರವೇಶಕ್ಕಾಗಿ ಜವಾಹರ ನವೋದಯ ವಿದ್ಯಾಲಯ ಹಾಗೂ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪರೀಕ್ಷೆಗಳನ್ನು ಮಕ್ಕಳು ಐದರಲ್ಲಿರುವಾಗಲೇ ಬರೆಯಬೇಕು. ನವೋದಯದಲ್ಲಿ ಕನಿಷ್ಠ ಶೇಕಡಾ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲಾಗಿವೆ. ಅದಕ್ಕೆ ಮೂರು, ನಾಲ್ಕು ಮತ್ತು ಐದನೆಯ ತರಗತಿಗಳನ್ನು ಗ್ರಾಮೀಣ ಶಾಲೆಯಲ್ಲಿಯೇ ಓದಿರಬೇಕು. ಇದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವರ್ಷಕ್ಕೊಮ್ಮೆ ಪ್ರಸ್ತಾಪಿಸಿದರೆ ಸಾಕು. ಹೆಚ್ಚು ವಿವರಿಸುವುದಿಲ್ಲ.

ಎಂಟನೆಯ ತರಗತಿಯ ಬಗ್ಗೆ ಮಾತ್ರ ತಾವು ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ. ಕೇಂದ್ರ ಸರ್ಕಾರವು 2008ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಾಧನೆ ಹಾಗೂ ಆರ್ಥಿಕ ಸ್ಥಿತಿ ಆಧಾರಿತ ವಿದ್ಯಾರ್ಥಿವೇತನವನ್ನು ಶಾಲೆಗಳಲ್ಲಿ ಎನ್.ಎಂ.ಎಂ.ಎಸ್. ಎಂದೇ ಕರೆಯುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಇದರ ಪರೀಕ್ಷೆ ಬರೆಯಬಹುದು. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000 ರೂಪಾಯಿ ದೊರೆಯುತ್ತದೆ. ಕೂಲಿಯ ಮನೆಯಲ್ಲಿ ಈ ಹಣದ ಅರ್ಥವೇನೆಂದು ನಾನು ತಮಗೆ ಹೇಳಬೇಕಾಗಿಲ್ಲ. ಹತ್ತನೆಯ ತರಗತಿಯ ನಂತರ ಮಗನನ್ನು ದುಡಿಮೆಗೆ ಹಚ್ಚೋಣವೇ, ಓದಿಸೋಣವೇ ಎಂಬ ಪ್ರಶ್ನೆಗೆ ಉತ್ತರವನ್ನೇ ಅದು ಬದಲಿಸಬಲ್ಲದು.

ಪರೀಕ್ಷೆಯಲ್ಲಿ ಆಯ್ಕೆಯಾದ ಮಾತ್ರಕ್ಕೆ ಹಣ ಬರುವುದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಬೇಕು. ಪ್ರತಿ ವರ್ಷ ನವೀಕರಿಸಬೇಕು. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಕುರಿ ಕಾಯುವ ಕುಟುಂಬದ ಹುಡುಗನೊಬ್ಬ ಈ ಪರೀಕ್ಷೆಯಲ್ಲಿ ಆಯ್ಕೆಯಾದ. ಪ್ರಾರ್ಥನೆಯ ವೇಳೆ ಚಪ್ಪಾಳೆ ತಟ್ಟಿಸಿದೆವು. ಶಾಲಾ ದಾಖಲೆಯಲ್ಲಿ ಅವನ ಹೆಸರು ಒಂದು ರೀತಿ ಇತ್ತು, ಆಧಾರ್ ಚೀಟಿಯಲ್ಲಿ ತಂದೆಯ ಹೆಸರು ಸೇರಿ ಇನ್ನೊಂದು ರೀತಿ ಇತ್ತು. ತಿದ್ದುಪಡಿ ಮಾಡಿಸಿಕೊಂಡು ಬಾ ಎಂದು ನಾನು ಹುಡುಗನಿಗೆ ಹೇಳಿದೆ. ಹದಿನಾಲ್ಕು ವರ್ಷದ ಹುಡುಗನಿಗೆ! ಮನೆಯವರು ಕುರಿಗಳೊಂದಿಗೆ ದೂರದ ಬಯಲಿಗೆ ಹೋಗಿದ್ದರು. ಅವರು ಮರಳುವಷ್ಟರಲ್ಲಿ ನೋಂದಣಿಯ ಅವಧಿ ಮುಗಿದಿತ್ತು. ಆ ವಾರ್ಡಿನ ಸದಸ್ಯರಿಗೆ ಒಂದು ಮಾತು ತಿಳಿಸಿದ್ದರೆ ಅವರು ಬೈಕಿನಲ್ಲಿ ಹೋಗಿ ತಂದೆಯನ್ನು ಕರೆತರುತ್ತಿದ್ದರು. ಅವರಿಗೆ ಆ ಕುಟುಂಬದ ಬಿಡಾರ ಎಲ್ಲಿತ್ತೆಂಬುದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವರಿಗೆ ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಹುಡುಗ ಹತ್ತನೆಯ ತರಗತಿ ಮುಗಿಸಿ ಓದು ಬಿಟ್ಟ.

ಈ ಕಾರಣದಿಂದ ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ಎಂಟನೆಯ ತರಗತಿಯಲ್ಲಿರುವ ಮಕ್ಕಳ ಪಟ್ಟಿಯೊಂದನ್ನು ಶಾಲೆಯಿಂದ ಪಡೆದುಕೊಳ್ಳುವುದು ಸೂಕ್ತ. ಒಂದು ವಾರ್ಡಿನಲ್ಲಿ ಅಂತಹ ಮಕ್ಕಳು ಬೆರಳೆಣಿಕೆಯಷ್ಟೇ ಇರುತ್ತಾರೆ. ಅವರ ಹೆಸರು ಶಾಲಾ ದಾಖಲೆ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲಿಯೂ ಒಂದೇ ಆಗಿದೆಯೇ, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ದೊರೆತಿದೆಯೇ ಎಂದು ಮನೆಗೆ ಹೋದಾಗ ವಿಚಾರಿಸಬಹುದು. ಮುಂದೆ ಹಾಸ್ಟೆಲ್ಲಿಗೆ, ರಾಜ್ಯದ ವಿದ್ಯಾರ್ಥಿವೇತನಗಳಿಗೆ, ಕಾಲೇಜು ಪ್ರವೇಶಕ್ಕೆ ಇವೇ ದಾಖಲೆಗಳು ಬೇಕು. ಜೂನ್ ತಿಂಗಳಲ್ಲಿ ಸರದಿಯಲ್ಲಿ ನಿಲ್ಲುವ ಬದಲು ಎಂಟನೆಯ ತರಗತಿಯ ದಸರಾ ರಜೆಯಲ್ಲಿ ಆ ಕೆಲಸ ಮುಗಿಯಲಿ.

ಇನ್ನೊಂದು ಸಂಗತಿ ಪೋಷಕರಿಗೆ ಬಹುತೇಕ ತಿಳಿದಿರುವುದಿಲ್ಲ. ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಮೂಲಕ ದೊರೆಯುವ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಅರ್ಹ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿಯಿದೆ. ಹತ್ತು ವರ್ಷವೂ ಪೂರ್ಣವಾಗಿರಬೇಕು. ಏಳನೆಯ ತರಗತಿವರೆಗೆ ಊರಿನ ಶಾಲೆಯಲ್ಲಿ ಓದಿಸಿ, ಎಂಟಕ್ಕೆ ತಾಲ್ಲೂಕು ಕೇಂದ್ರದ ಶಾಲೆಯ ವ್ಯಾನು ಹತ್ತಿಸಿದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಪೇಟೆಯ ಶಾಲೆಗೆ ಕಳುಹಿಸಬೇಡಿರೆಂದು ನಾನು ಹೇಳುವುದಿಲ್ಲ. ಊರಿನ ಪ್ರೌಢಶಾಲೆಯಲ್ಲಿ ಗಣಿತಕ್ಕೆ ಶಿಕ್ಷಕರೇ ಇಲ್ಲದಿದ್ದರೆ ತಂದೆತಾಯಿಗಳು ಇನ್ನೇನು ಮಾಡಿಯಾರು? ಆದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದು ಕಳುಹಿಸಲಿ. ಈ ಮೀಸಲಾತಿಗಾಗಿ ಮುಖ್ಯೋಪಾಧ್ಯಾಯರು ಸಹಿ ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲುಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಪ್ರಾಥಮಿಕ ಶಾಲೆ ಒಂದು, ಪ್ರೌಢಶಾಲೆ ಇನ್ನೊಂದು ಆಗಿದ್ದರೆ ಎರಡೂ ಕಡೆಯಿಂದ ತರಬೇಕು.

ಹತ್ತನೆಯ ತರಗತಿಯ ನಂತರದ ದಾರಿಗಳಿಗೆ ಬರೋಣ. ಶೇಕಡಾ 95 ಅಂಕ ಪಡೆದ ಮಗುವಿಗೆ ಸಲಹೆ ನೀಡಲು ಊರೆಲ್ಲ ಸಿದ್ಧವಿರುತ್ತದೆ. ಶೇಕಡಾ 45 ಪಡೆದವನ ಮನೆಗೆ ಯಾರೂ ಹೋಗುವುದಿಲ್ಲ. ನಿಜವಾದ ಮಾರ್ಗದರ್ಶನ ಬೇಕಾಗಿರುವುದು ಅಲ್ಲಿಗೆ. ಐ.ಟಿ.ಐ.ನ ಎಲೆಕ್ಟ್ರಿಷಿಯನ್, ಫಿಟ್ಟರ್ ತರಬೇತಿಗಳು ಎರಡು ವರ್ಷದವು. ಕೆಲವು ವೃತ್ತಿಗಳಿಗೆ ಎಂಟನೆಯ ತರಗತಿ ಉತ್ತೀರ್ಣತೆಯೇ ಸಾಕು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ್ದು. ಅದನ್ನು ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರಬಹುದು. ಪಿಯು ವಿಜ್ಞಾನವೊಂದೇ ಎಂಜಿನಿಯರ್ ಆಗುವ ದಾರಿಯೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ; ಅದು ಸರಿಯಲ್ಲ. ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲಿ ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಕೂಡ ಇದೆ. ರೈತರ ಮಕ್ಕಳೇ ಅದನ್ನು ಕೇಳಿಲ್ಲವೆಂದಾಗ ನನಗೆ ಬೇಸರವಾಗುತ್ತದೆ. ಅನುತ್ತೀರ್ಣರಾದವರಿಗೂ, ಅಂಕ ಸಾಲದೆಂದು ಕೊರಗುವವರಿಗೂ 2024ರಿಂದ ಅದೇ ವರ್ಷ ಇನ್ನೊಮ್ಮೆ ಪರೀಕ್ಷೆ ಬರೆದು, ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವಿದೆ. ಇದಕ್ಕೆ ಅರ್ಜಿ ಸಲ್ಲಿಸಲು ಸಿಗುವ ದಿನಗಳು ಕಡಿಮೆ. ಫಲಿತಾಂಶದ ಮರುದಿನವೇ ಅಂತಹ ಮನೆಗಳಿಗೆ ಹೋಗಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಕೋರ್ಸನ್ನು ಆರಿಸುವುದು ಬಹುಮಟ್ಟಿಗೆ ಬಸ್ಸು. ಇದನ್ನು ನಗೆಮಾತಾಗಿ ಹೇಳುತ್ತಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಗಣಿತದಲ್ಲಿ ವಿಶೇಷ ಆಸಕ್ತಿಯಿತ್ತು. ವಿಜ್ಞಾನ ವಿಭಾಗವಿದ್ದ ಪಿಯು ಕಾಲೇಜು ತಾಲ್ಲೂಕು ಕೇಂದ್ರದಲ್ಲಿತ್ತು. ಪ್ರಯೋಗಾಲಯದ ತರಗತಿ ಮುಗಿಯುವುದು ಸಂಜೆ ನಾಲ್ಕೂವರೆಗೆ, ಊರಿಗೆ ಬಸ್ಸು ಹೊರಡುವುದು ನಾಲ್ಕೂಕಾಲಿಗೆ. ಅನಂತರದ ಬಸ್ಸು ರಾತ್ರಿ ಎಂಟಕ್ಕೆ. ತಂದೆ ಒಪ್ಪಲಿಲ್ಲ, ಅವರನ್ನು ದೂರುವಂತೆಯೂ ಇರಲಿಲ್ಲ. ಅವಳು ಹೋಬಳಿಯ ಕಾಲೇಜಿನಲ್ಲಿ ಕಲಾ ವಿಭಾಗ ಸೇರಿದಳು. ಎರಡು ವರ್ಷಗಳ ತರುವಾಯ, ಪಕ್ಕದ ಊರಿನ ಮಕ್ಕಳು ಮಕ್ಕಳ ಗ್ರಾಮಸಭೆಯಲ್ಲಿ ಇದೇ ಬಸ್ಸಿನ ಪ್ರಶ್ನೆಯನ್ನು ಎತ್ತಿದರು. ಪಂಚಾಯತಿಯು ಠರಾವು ಮಾಡಿ ಸಾರಿಗೆ ಡಿಪೋ ವ್ಯವಸ್ಥಾಪಕರಿಗೆ ಕಳುಹಿಸಿತು. ಅಧ್ಯಕ್ಷರು ಎರಡು ಬಾರಿ ಖುದ್ದಾಗಿ ಹೋಗಿ ಬಂದರು. ಬಸ್ಸು ಅರ್ಧ ಗಂಟೆ ತಡವಾಗಿ ಹೊರಡತೊಡಗಿತು. ಮರುವರ್ಷ ಆ ಮಾರ್ಗದಿಂದ ನಾಲ್ವರು ಹುಡುಗಿಯರು ವಿಜ್ಞಾನಕ್ಕೆ ಸೇರಿದರು. ನನ್ನ ವಿದ್ಯಾರ್ಥಿನಿಗೆ ಆ ವೇಳೆಗೆ ಮದುವೆಯಾಗಿತ್ತು.

ಪಿಯುಸಿ ಹಂತದಲ್ಲಿ ಪಂಚಾಯತಿಯ ಕೆಲಸ ಕಡಿಮೆ. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆಂದೇ ಪ್ರತ್ಯೇಕ ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಇವೆಲ್ಲವನ್ನು ಒಬ್ಬ ಸದಸ್ಯರು ನೆನಪಿಡುವುದು ಕಷ್ಟವೆಂದು ತಾವು ಹೇಳಬಹುದು. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದ ಮೇಲೆ, ಇಂದಿನ ಅರಿವು ಕೇಂದ್ರ ತಮ್ಮದೇ ಅಂಗಳದಲ್ಲಿದೆ. ಅಲ್ಲಿನ ಗೋಡೆಯ ಮೇಲೆ ಒಂದು ಹಲಗೆ ತೂಗುಹಾಕಿ. ಯಾವ ತರಗತಿಗೆ ಯಾವ ಅರ್ಜಿ, ಕೊನೆಯ ದಿನಾಂಕ ಯಾವುದು, ಯಾವ ದಾಖಲೆ ಬೇಕು ಎಂಬುದನ್ನು ಗ್ರಂಥಾಲಯ ಮೇಲ್ವಿಚಾರಕರು ತಿಂಗಳಿಗೊಮ್ಮೆ ಸೀಮೆಸುಣ್ಣದಲ್ಲಿ ಬರೆಯಲಿ. ಪ್ರೌಢಶಾಲೆಯ ಶಿಕ್ಷಕರೊಬ್ಬರು ಅದನ್ನು ಪರಿಶೀಲಿಸಲಿ. ಅಲ್ಲಿನ ಗಣಕಯಂತ್ರದಲ್ಲಿಯೇ ಅರ್ಜಿ ತುಂಬಲು ಅವಕಾಶವಾದರೆ ಮಕ್ಕಳು ಪೇಟೆಯ ಸೈಬರ್ ಅಂಗಡಿಯಲ್ಲಿ ನೂರು, ಇನ್ನೂರು ರೂಪಾಯಿ ತೆರುವುದು ತಪ್ಪುತ್ತದೆ.

ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯುತ್ತದೆ. ಈ ಬಾರಿಯ ಸಭೆಯ ನೋಟಿಸಿನಲ್ಲಿ ಶೌಚಾಲಯ, ಕುಡಿಯುವ ನೀರಿನ ವಿಷಯಗಳ ಜೊತೆಗೆ ‘ಎಂಟು ಮತ್ತು ಹತ್ತನೆಯ ತರಗತಿಯ ಮಕ್ಕಳ ಮುಂದಿನ ವ್ಯಾಸಂಗ’ ಎಂಬ ವಿಷಯವನ್ನೂ ಸೇರಿಸಬೇಕೆಂದು ಅಧ್ಯಕ್ಷರುಗಳಲ್ಲಿ ವಿನಂತಿಸುತ್ತೇನೆ. ತಮ್ಮ ವಾರ್ಡಿನ ಯಾವುದಾದರೂ ಮಗುವಿನ ವಿಷಯ ಈಗಾಗಲೇ ನೆನಪಿಗೆ ಬಂದಿದ್ದರೆ, ಊಟದ ವಿರಾಮಕ್ಕೆ ಮುನ್ನ ಇರುವ ಈ ಇಪ್ಪತ್ತು ನಿಮಿಷಗಳಲ್ಲಿ ಕೇಳಬಹುದು.