ಕೌದಿ, ರೊಟ್ಟಿ ಮತ್ತು ಆರು ತಿಂಗಳ ವೀಸಾ

(ಸಂಘದ ಸಂಸ್ಥಾಪನಾ ದಿನಾಚರಣೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯಲ್ಲಿ ಮಾಡುವ ಅಡುಗೆ, ಮನೆಯಲ್ಲಿ ಮಾಡುವ ಕೈಕೆಲಸ, ಇವುಗಳ ಸಂತೋಷದ ಬಗ್ಗೆ ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. "ನೀವು ಡಾಕ್ಟರು, ಆರೋಗ್ಯದ ದೃಷ್ಟಿಯಿಂದ ನಾಲ್ಕು ಮಾತು ಹೇಳಿ ಸಾಕು" ಎಂದರು. ಉಪ್ಪು ಕಡಿಮೆ ತಿನ್ನಿ, ದಿನಕ್ಕೆ 6 ಗ್ರಾಮ್ ದಾಟಬಾರದು, ಅಂದರೆ ಸುಮಾರು ಒಂದು ಟೀ ಚಮಚ, ಅದರಲ್ಲಿ ಹಪ್ಪಳ ಉಪ್ಪಿನಕಾಯಿಗಳೂ ಸೇರಿದವು. ಇಷ್ಟು ಹೇಳಿದರೆ ನನ್ನ ವೈದ್ಯಕೀಯ ಕರ್ತವ್ಯ ಮುಗಿಯಿತು. ಉಳಿದ ಸಮಯದಲ್ಲಿ ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಬೇಕೆಂದಿದ್ದೇನೆ.

2022ರ ಏಪ್ರಿಲ್‌ನಲ್ಲಿ ನಮ್ಮ ಅವ್ವ ಧಾರವಾಡದಿಂದ ಹ್ಯಾರೋದಲ್ಲಿರುವ ನಮ್ಮ ಮನೆಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ. ಆಕೆಯ ನೆನಪು ಮೆಲ್ಲಮೆಲ್ಲಗೆ ಸಡಿಲಾಗುತ್ತಿದೆಯೆಂದು ಅಣ್ಣ ಫೋನಿನಲ್ಲಿ ಹೇಳಿದ್ದ. ಹೀತ್ರೂ ವಿಮಾನ ನಿಲ್ದಾಣದಿಂದ ಮನೆಗೆ ಬರುವ ಮುಕ್ಕಾಲು ಗಂಟೆಯಲ್ಲಿ ಆಕೆ ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದಾಗ ನನಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.

ನಾನು ಮಗನಾಗಿಯೂ ಯೋಚಿಸಿದೆ, ಡಾಕ್ಟರನಾಗಿಯೂ ಯೋಚಿಸಿದೆ. ಎರಡರಿಂದಲೂ ಒಂದೇ ತೀರ್ಮಾನ ಬಂತು: ಅವ್ವ ಇನ್ನು ಯಾವ ಕೆಲಸವನ್ನೂ ಮಾಡಕೂಡದು. ಒಲೆ ಆರಿಸಲು ಮರೆತರೆ? ಚಾಕು ತಾಗಿದರೆ? "ನೀ ಆರಾಮ ಕೂಡವ್ವಾ" ಎಂದು ಸೋಫಾದ ಮೇಲೆ ಕೂಡಿಸಿ, ಕಾಲಿಗೆ ಶಾಲು ಹೊದಿಸಿ, ಟೀವಿಯಲ್ಲಿ ಕನ್ನಡ ಧಾರಾವಾಹಿ ಹಚ್ಚಿಕೊಟ್ಟು, ನಾನೂ ನನ್ನ ಶ್ರೀಮತಿಯೂ ಕೆಲಸಕ್ಕೆ, ಮಗಳು ಶಾಲೆಗೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತಂದೆತಾಯಿಯರು ಹೀಗೆಯೇ ಆರು ತಿಂಗಳು ಆರಾಮ ಕೂತು ಹೋಗುತ್ತಾರೆ. ಪ್ರೀತಿಯಿಂದಲೇ ಮಾಡುತ್ತೇವೆ, ಅದರಲ್ಲಿ ಸಂಶಯವಿಲ್ಲ.

ಒಂದು ತಿಂಗಳಲ್ಲಿ ಅವ್ವ ಕುಗ್ಗಿಹೋದಳು. ಊಟ ಕಡಿಮೆಯಾಯಿತು, ಹಗಲು ನಿದ್ದೆ ಹೆಚ್ಚಾಯಿತು. ನಾನು ರಕ್ತಪರೀಕ್ಷೆಯ ಬಗ್ಗೆ ಯೋಚಿಸುತ್ತಿದ್ದೆ. ಒಂದು ಸಂಜೆ ಆಕೆ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತ ಹೇಳಿದಳು: "ತಮ್ಮಾ, ಏನರ ಕೆಲಸಾ ಕೊಡೋ. ಬರೇ ಕೂತು ಕೂತು ಕೈ ಮರತಾವ."

ಈ ಮಾತು ಕೇಳಿದಾಗ ನನಗೆ ಓದಿದ ಪಾಠವೊಂದು ನೆನಪಾಯಿತು. ಅಮೆರಿಕದಲ್ಲಿ 1953ರಲ್ಲಿ ಎಚ್. ಎಂ. ಎಂಬ ಹೆಸರಿನಿಂದ ಪ್ರಸಿದ್ಧನಾದ ರೋಗಿಯೊಬ್ಬನಿಗೆ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಅದಾದ ಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಒಂದು ನಕ್ಷತ್ರದ ಚಿತ್ರ ಕೊಟ್ಟು, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ಅದರ ಅಂಚಿನ ಮೇಲೆ ಗೆರೆ ಎಳೆಯಲು ಹೇಳಿದರು. ಬಹಳ ಕಷ್ಟದ ಕೆಲಸ, ಮನೆಯಲ್ಲಿ ಮಾಡಿ ನೋಡಿ. ಮೂರು ದಿನ ಮಾಡಿಸಿದರು. ಪ್ರತಿದಿನವೂ ಅವನಿಗೆ ಅದು ಹೊಸದೇ, ಹಿಂದೆ ಮಾಡಿದ ನೆನಪೇ ಇಲ್ಲ. ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ಚೆನ್ನಾಗಿ ಗೆರೆ ಎಳೆಯಿತು. ಹೆಸರು, ತಾರೀಖು, ನಿನ್ನೆಯ ಮಾತು, ಇವನ್ನು ಇಟ್ಟುಕೊಳ್ಳುವ ಜಾಗ ಮಿದುಳಿನಲ್ಲಿ ಬೇರೆ, ಕೈ ಕಲಿತ ವಿದ್ಯೆಯನ್ನು ಇಟ್ಟುಕೊಳ್ಳುವ ಜಾಗ ಬೇರೆ. ಮರೆವಿನ ರೋಗದಲ್ಲಿ ಮೊದಲನೆಯದು ಬೇಗ ಕೆಡುತ್ತದೆ, ಎರಡನೆಯದು ಸಾಮಾನ್ಯವಾಗಿ ಬಹಳ ದಿನ ಉಳಿಯುತ್ತದೆ. ಇದನ್ನು ಓದಿ ಪಾಸಾಗಿದ್ದ ನಾನು ನನ್ನ ಮನೆಯಲ್ಲಿ, ಅವ್ವನಲ್ಲಿ ಉಳಿದಿದ್ದ ಆ ಎರಡನೆಯದಕ್ಕೇ ರಜೆ ಕೊಟ್ಟು ಕೂಡಿಸಿದ್ದೆ.

ಮರುದಿನವೇ ವೆಂಬ್ಲಿಯ ಈಲಿಂಗ್ ರಸ್ತೆಗೆ ಹೋಗಿ ಜೋಳದ ಹಿಟ್ಟು ತಂದೆ. ಅವ್ವ ಒಂದು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ "ಹಳೇದೈತಿ, ಜಿಗಿ ಇಲ್ಲ" ಎಂದಳು. ಚೀಲದ ಮೇಲಿನ ತಾರೀಖು ನೋಡಿದೆ, ಹಿಟ್ಟು ಬೀಸಿ ಆರು ತಿಂಗಳಾಗಿತ್ತು. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಆದ್ದರಿಂದಲೇ ಕುದಿಯುವ ಎಸರು ಸುರಿದು ನಾದಬೇಕು, ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಹಿಡಿದುಕೊಳ್ಳುತ್ತದೆ. ಈ ವಿವರಣೆ ನನ್ನದು. ಅವ್ವನಿಗೆ ಅದರ ಅಗತ್ಯವಿರಲಿಲ್ಲ. ಎಸರು ಇನ್ನಷ್ಟು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದಿ, ಆ ಹಳೆಯ ಹಿಟ್ಟಿನಿಂದಲೇ ಹುಣ್ಣಿಮೆ ಚಂದ್ರನಂಥ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಬೇಯುವಾಗಲೇ ನಮ್ಮ ಹೊಗೆಯ ಅಲಾರಂ ಕೂಗಿಕೊಂಡಿತು. ಮೂರನೆಯ ರೊಟ್ಟಿಗೆ ಗೋಡೆಯಾಚೆಯ ಇಂಗ್ಲಿಷ್ ಅಜ್ಜಿ ಬಾಗಿಲು ತಟ್ಟಿ, ಏನಾದರೂ ರಿಪೇರಿ ಕೆಲಸ ನಡೆದಿದೆಯೇ ಎಂದು ವಿಚಾರಿಸಿದರು. ಅಡುಗೆಮನೆಗೆ ಕರೆದು ತೋರಿಸಿದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ ಮೇಲೆ ಆ ಸಪ್ಪಳದ ಬಗ್ಗೆ ದೂರು ಬರಲಿಲ್ಲ. ಸಪ್ಪಳ ಕೇಳಿದರೆ ಅವರೇ ಬರತೊಡಗಿದರು.

ಒಲೆಯ ಹತ್ತಿರ ಯಾರಾದರೊಬ್ಬರು ಇರಲೇಬೇಕೆಂದು ನಿಯಮ ಮಾಡಿಕೊಂಡೆವು. ಅದರಿಂದ ಒಂದು ಅನುಕೂಲವಾಯಿತು. ನಾನು ನಲವತ್ತು ದಾಟಿದ ಮೇಲೆ ರೊಟ್ಟಿ ಬಡಿಯಲು ಕಲಿತೆ. ಈಗಲೂ ನನ್ನ ರೊಟ್ಟಿ ಶ್ರೀಲಂಕಾದ ನಕಾಶೆಯ ಹಾಗಿರುತ್ತದೆ. ಮೈಸೂರಿನ ಕಡೆಯವರಾದ ನನ್ನ ಶ್ರೀಮತಿ ನನಗಿಂತ ಬೇಗ ಕಲಿತು ಅವ್ವನ ಶಹಬ್ಬಾಸ್‌ಗಿರಿ ಪಡೆದರು. ಇಲ್ಲಿ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಮನೆಯ ಅಡುಗೆಯ ಸಂತೋಷವೆಂದು ಗಂಡಸರು ಭಾಷಣ ಮಾಡಿದಾಗ ಹೆಂಗಸರಿಗೆ ಅನುಮಾನ ಬರುವುದು ಸಹಜ. ತಿನ್ನುವವನ ಸಂತೋಷ ಬೇರೆ, ದಿನಾ ಮೂರು ಹೊತ್ತು ಬೇಯಿಸುವವಳ ಸಂತೋಷ ಬೇರೆ. ನನಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಬಂದದ್ದು ಕೈಗೆ ಹಿಟ್ಟು ಹತ್ತಿದ ಮೇಲೆ ಮಾತ್ರ.

ಸಂಡಿಗೆಯ ಕಥೆಯನ್ನೂ ಹೇಳಲೇಬೇಕು. ಲಂಡನ್ನಿನಲ್ಲಿ ಸಂಡಿಗೆ ಒಣಗಿಸಲು ಹೋದವರು ಎರಡನೆಯ ಸಲ ಹೋಗುವುದಿಲ್ಲ. ಬೆಳಿಗ್ಗೆ ಬಿಸಿಲು, ಹನ್ನೊಂದಕ್ಕೆ ಮೋಡ, ಒಂದಕ್ಕೆ ತುಂತುರು ಮಳೆ, ನಡುವೆ ಅಳಿಲು. ಆದರೆ ಆ ವರ್ಷ ಜುಲೈ 19ರಂದು ಇಂಗ್ಲೆಂಡಿನಲ್ಲಿ ದಾಖಲೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಉಷ್ಣಾಂಶ 40 ಡಿಗ್ರಿ ದಾಟಿತು. ಹೀತ್ರೂದಲ್ಲಿ 40.2. ರೈಲುಗಳು ರದ್ದಾದವು, ಆಸ್ಪತ್ರೆಗಳಲ್ಲಿ ನಮಗೆ ಎಚ್ಚರಿಕೆಯ ಸುತ್ತೋಲೆಗಳು ಬಂದವು, ಕಿಟಕಿಯ ಪರದೆ ಎಳೆದು ಒಳಗೇ ಇರಿ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಅವ್ವ ಹಿಂದಿನ ದಿನವೇ ಆಕಾಶ ನೋಡಿ ಅಕ್ಕಿಹಿಟ್ಟು ತೆಗೆಸಿದ್ದಳು. ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಹಿಟ್ಟು ಕುದಿಸಿ, ಬೆಳಿಗ್ಗೆ ಏಳಕ್ಕೇ ಹಿತ್ತಲಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಇಟ್ಟಾಗಿತ್ತು. "ಅತ್ತೆ, ಸಂಡಿಗೆ ಇರಲಿ, ಮೊದಲು ಒಳಗೆ ಬಂದು ನೀರು ಕುಡೀರಿ" ಎಂದು ನನ್ನ ಶ್ರೀಮತಿ ಕೂಗುತ್ತಿದ್ದರೆ, ಅವ್ವ "ಇಲ್ಲೂ ನಮ್ಮೂರ ಬಿಸಲ ಬಂತಲ್ಲ" ಎಂದು ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕಾವಲು ಕೂತಳು. ಸಂಜೆಗೆ ಗಲಗಲ ಎನ್ನುವಂತೆ ಒಣಗಿದ್ದವು. ಭೂಮಿ ಬಿಸಿಯಾಗುತ್ತಿರುವುದು ಸಂತೋಷದ ಸಂಗತಿಯಲ್ಲ, ಆ ಶಾಖದಲ್ಲಿ ನನ್ನ ವಾರ್ಡಿನ ವೃದ್ಧರು ಪಟ್ಟ ಪಾಡನ್ನೂ ನಾನು ನೋಡಿದ್ದೇನೆ. ಆದರೂ ಆ ಸಂಡಿಗೆಗಳು ಮಾತ್ರ ಬಹಳ ರುಚಿಯಾಗಿದ್ದವು.

ಕೌದಿ ಶುರುವಾದದ್ದು ಆಗಸ್ಟ್‌ನಲ್ಲಿ. ನಮ್ಮ ಕಡೆ ಹಳೆಯ ಬಟ್ಟೆಯನ್ನು ಎಸೆಯುವುದಿಲ್ಲ. ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಈಗ ದೇಶವಿದೇಶಗಳ ಪ್ರದರ್ಶನಗಳಿಗೂ ಹೋಗಿವೆ. ಅವರು ಮೂಲೆಯಿಂದ ಹೊಲಿಯಲು ಶುರುಮಾಡಿ ಅಂಚಿನ ಸುತ್ತ ತಿರುಗುತ್ತ ತಿರುಗುತ್ತ ನಡುವಿಗೆ ಬಂದು ಮುಟ್ಟುತ್ತಾರೆ. ನಾಲ್ಕು ಮೂಲೆಗೂ ಹೂವೆಂದು ಕರೆಯುವ ಮಡಿಚಿದ ತುಂಡುಗಳನ್ನು ಇಡುತ್ತಾರೆ. ಅವ್ವನೂ ಅಂಚಿನಿಂದಲೇ ಶುರುಮಾಡಿದಳು.

ಮಾಳಿಗೆಯ ಮೇಲಿಂದ ಬಟ್ಟೆಯ ಗಂಟು ಇಳಿಸಿದೆವು. ನನ್ನ ಶ್ರೀಮತಿಯ ನಾಲ್ಕು ಹತ್ತಿಯ ಸೀರೆ, ಅವ್ವ ತನ್ನ ಚೀಲದಲ್ಲಿ ಯಾರಿಗೂ ಹೇಳದೆ ತಂದಿದ್ದ ಅಪ್ಪನ ಒಂದು ಧೋತರ, ಮಗಳಿಗೆ ಗಿಡ್ಡವಾದ ಪ್ರೈಮರಿ ಶಾಲೆಯ ಬೇಸಿಗೆ ಫ್ರಾಕುಗಳು. ಆ ನೀಲಿ ಬಿಳಿ ಚೌಕುಳಿಯ ಬಟ್ಟೆ ನಿಮಗೆಲ್ಲ ಗೊತ್ತು. ಇಳಕಲ್ಲ ಸೀರೆಯೊಂದನ್ನೂ ಮಗಳು ಎಳೆದಳು. ಅವ್ವ ಅದನ್ನು ಕಸಿದುಕೊಂಡು "ಇದಕ್ಕ ಕತ್ರಿ ಹಚ್ಚಬ್ಯಾಡ್ರಿ" ಎಂದಳು. ಸೆರಗಿನ ತುಂಬ ಕಸೂತಿ ಇತ್ತು, ಗೋಪುರ, ತೇರು, ಆನೆ, ಎಲ್ಲ ಆಕೆಯ ಕೈಯವೇ. ಹಿಂದುಮುಂದು ಒಂದೇ ರೀತಿ, ಎಲ್ಲೂ ಗಂಟಿಲ್ಲ. ಗವಂತಿ ಎಂಬ ಆ ಹೊಲಿಗೆಗೆ ಇಲ್ಲಿಯೂ ಒಂದು ಹೆಸರಿದೆ, ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಚಿತ್ರಕಾರನಾಗಿದ್ದು 1543ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ, ತೋಳಿನ ತುದಿಯ ಪಟ್ಟಿಗಳ ಮೇಲೆ ಈ ಹೊಲಿಗೆ ಕಾಣುತ್ತದೆ. ಮಗಳು ಚಿತ್ರ ಹುಡುಕಿ ತೋರಿಸಿದಾಗ ಅವ್ವ ರಾಣಿ ಜೇನ್ ಸೀಮೋರಳ ಮುಖದ ಕಡೆ ನೋಡಲೇ ಇಲ್ಲ, ತೋಳಿನ ಪಟ್ಟಿಯನ್ನು ನೋಡಿ "ಛಲೋ ಹಾಕ್ಯಾಳ" ಎಂದಳು.

ನಾನೂ ಒಂದು ಸಾಲು ಹೊಲಿದೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿ ಮಾಡುವಾಗ ರಾತ್ರಿ ಪಾಳಿಯಲ್ಲಿ ಎಷ್ಟೋ ತಲೆಗಳಿಗೆ ಹೊಲಿಗೆ ಹಾಕಿದವನು ನಾನು. ಅವ್ವ ನನ್ನ ಸಾಲನ್ನು ನೋಡಿ, "ಮಂದಿ ತಲಿಗೂ ಹಿಂಗ ಹಾಕತಿದ್ದೇನೋ?" ಎಂದು ಕೇಳಿ, ಬಿಚ್ಚಿ ಮತ್ತೆ ಹೊಲಿಸಿದಳು.

ಸೆಪ್ಟೆಂಬರ್ 8ರಂದು ಎಲಿಜಬೆತ್ ರಾಣಿ ತೀರಿಕೊಂಡರು. 19ರಂದು ಅಂತ್ಯಕ್ರಿಯೆ, ಎಲ್ಲರಿಗೂ ರಜೆ. ನಾವು ನಾಲ್ವರೂ ಕೌದಿಯ ನಾಲ್ಕು ಕಡೆ ನೆಲದ ಮೇಲೆ ಕೂತು ಹೊಲಿಯುತ್ತ ಟೀವಿ ನೋಡಿದೆವು. ಅವ್ವ ಕೇಳಿದಳು, "ಯಾರು ಹೋದ್ರ?" "ರಾಣಿ ಹೋದ್ರವ್ವಾ." "ಅಯ್ಯ ಪಾಪ, ವಯಸ್ಸೆಷ್ಟ?" "ತೊಂಬತ್ತಾರು." "ತುಂಬಿದ ಬಾಳೇ ಬಿಡು." ಹತ್ತು ನಿಮಿಷ ಕಳೆದು ಮತ್ತೆ, "ಯಾರು ಹೋದ್ರ?" ಆ ದಿನ ಇಪ್ಪತ್ತು ಸಲವಾದರೂ ರಾಣಿಯವರ ಸುದ್ದಿ ಆಕೆಗೆ ಹೊಸದಾಗಿ ಮುಟ್ಟಿತು, ಪ್ರತಿಸಲವೂ ಅಷ್ಟೇ ಮರುಗಿದಳು. ಆದರೆ ಸೂಜಿ ಒಮ್ಮೆಯೂ ದಾರಿ ತಪ್ಪಲಿಲ್ಲ. ಮೊದಮೊದಲು ಅಜ್ಜಿಯ ಮರುಪ್ರಶ್ನೆಗೆ ಸಿಡುಕುತ್ತಿದ್ದ ನನ್ನ ಮಗಳು ಕೈಯಲ್ಲಿ ಹೊಲಿಗೆಯಿದ್ದಾಗ ಸಿಡುಕಲಿಲ್ಲ. ಮಾತು ಸುತ್ತಿ ಸುತ್ತಿ ಅಲ್ಲೇ ಬಂದರೂ ಕೌದಿ ಮುಂದೆ ಹೋಗುತ್ತಿತ್ತಲ್ಲ.

ಅಕ್ಟೋಬರ್‌ನಲ್ಲಿ ಆರು ತಿಂಗಳು ಮುಗಿಯಿತು. ಸಂದರ್ಶಕರ ವೀಸಾ ಅಷ್ಟೇ ದಿನದ್ದು. ವಯಸ್ಸಾದ ತಂದೆತಾಯಿಯರನ್ನು ಇಲ್ಲಿಯೇ ಇಟ್ಟುಕೊಳ್ಳುವ ನಿಯಮ 2012ರ ಜುಲೈನಿಂದ ಎಷ್ಟು ಬಿಗಿಯಾಗಿದೆಯೆಂದು ಈ ಸಭೆಯಲ್ಲಿ ವಿವರಿಸಬೇಕಾಗಿಲ್ಲ, ಅರ್ಧ ಸಭೆಗೆ ಅದು ಬಾಯಿಪಾಠವಾಗಿದೆ. ಊರಿನಲ್ಲಿ ಅಣ್ಣ ಅತ್ತಿಗೆ ಇದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾವು ಆರು ತಿಂಗಳಲ್ಲಿ ಮೊದಲ ಒಂದನ್ನು ಸೋಫಾದ ಮೇಲೆ ಕಳೆದಿದ್ದೆವು. ಅವ್ವ ಹೊರಟಾಗ ಕೌದಿಯ ನಡುವೆ ಒಂದು ತಲೆದಿಂಬಿನಷ್ಟು ಜಾಗ ಹೊಲಿಯದೆ ಉಳಿದಿತ್ತು. ಆ ಒಂದು ತಿಂಗಳಿದ್ದಿದ್ದರೆ ಮುಗಿಯುತ್ತಿತ್ತು ಎಂಬ ಲೆಕ್ಕವನ್ನು ನಾನು ಬಹಳ ಸಲ ಹಾಕಿದ್ದೇನೆ. ಆಮೇಲೆ ಆ ಜಾಗವನ್ನು ಮಗಳು ತುಂಬಿದಳು. ಹೊಲಿಗೆ ಎಲ್ಲಿ ಬದಲಾಯಿತೆಂದು ಬೆರಳಾಡಿಸಿದರೆ ತಿಳಿಯುತ್ತದೆ.

ಈಗ ಅವ್ವನಿಗೆ ಫೋನಿನ ತೆರೆಯ ಮೇಲೆ ನಾನು ಯಾರೆಂದು ಕೆಲವು ದಿನ ಗೊತ್ತಾಗುತ್ತದೆ, ಕೆಲವು ದಿನ ಗೊತ್ತಾಗುವುದಿಲ್ಲ. ಕಳೆದ ತಿಂಗಳು ಒಂದು ಭಾನುವಾರ ಗೊತ್ತಾಗದ ದಿನ. "ಇವರು ಯಾರು?" ಎಂದು ಅತ್ತಿಗೆಯನ್ನು ಕೇಳಿದಳು. ನಾನು ಸುಮ್ಮನಾದೆ. ಮಗಳು ಕೌದಿಯನ್ನು ಹೊದ್ದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ಅವ್ವ ಮುಂದಕ್ಕೆ ಬಗ್ಗಿ ತೆರೆಯನ್ನು ದಿಟ್ಟಿಸಿದಳು. "ಆ ಮೂಲಿ ನೋಡವಾ, ಹೊಲಿಗಿ ಬಿಟ್ಟೈತಿ. ಈಗ ಹಾಕು, ನಾಳಿಗೆ ಅಂದ್ರ ಇನ್ನೂ ಹರೀತೈತಿ" ಎಂದಳು. ಮಗಳು ಅಲ್ಲೇ ಸೂಜಿ ದಾರ ತಂದಳು. ಅವ್ವ ಧಾರವಾಡದಿಂದ ಹೇಳುತ್ತ ಹೋದಳು, ಇವಳು ಹ್ಯಾರೋದಲ್ಲಿ ಹೊಲಿಯುತ್ತ ಹೋದಳು.

ಕೌದಿಯನ್ನು ಇಂದು ತಂದಿದ್ದೇವೆ. ಹೊರಗೆ ಪುಸ್ತಕದ ಮೇಜಿನ ಪಕ್ಕದಲ್ಲಿದೆ, ಮುಟ್ಟಿ ನೋಡಬಹುದು. ಮಕ್ಕಳು ಬೇಕಾದರೆ ಅದರ ಮೇಲೆ ಉರುಳಾಡಬಹುದು, ಅದು ಗಟ್ಟಿಯಾಗಿದೆ. ಸೂಜಿ ದಾರ ನನ್ನ ಮಗಳ ಹತ್ತಿರ ಇವೆ. ಊಟದ ಸಾಲಿನಲ್ಲಿ ಕೊನೆಗೆ ಕಾಣುವ ಜೋಳದ ರೊಟ್ಟಿಗಳಲ್ಲಿ ದುಂಡಗಿನವು ನನ್ನ ಶ್ರೀಮತಿಯವು, ಉಳಿದವು ನನ್ನವು.